ಗಂಡು ದಿಕ್ಕಿಲ್ಲದ ಮನೆಯಲ್ಲಿ ಹುಚ್ಚಮ್ಮ ಇರಬಹುದೇ?

ಅನಾಥ ಮಕ್ಕಳ ವಿಚಾರಣೆಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ತಮ್ಮ ಹುಕುಂ ಕೈಸೇರಿತು. ಆರು ವರ್ಷದ ಹುಚ್ಚಮ್ಮನೆಂಬ ಹುಡುಗಿಯನ್ನು ಹದಿನೈದು ದಿನಗಳೊಳಗೆ ದೂರದ ಅನಾಥಾಲಯಕ್ಕೆ ಒಪ್ಪಿಸತಕ್ಕದ್ದೆಂದೂ, ‘ಗಂಡು ದಿಕ್ಕಿಲ್ಲದ ಮನೆ’ಯಲ್ಲಿ ಮಗು ಬೆಳೆಯುವುದು ಕ್ಷೇಮವಲ್ಲವೆಂದೂ ಅದರಲ್ಲಿ ಅಪ್ಪಣೆಯಾಗಿದೆ. ಆ ಮನೆ ಅಜ್ಜಂಪುರದ ನಮ್ಮ ಮನೆ. ಅದರಲ್ಲಿರುವವರು ಇಬ್ಬರು ವಿಧವೆಯರು: ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿಯಾದ ನಾನು ಮತ್ತು ನನ್ನ ಅತ್ತೆ ಈರಕ್ಕನವರು. ಎರಡು ಅರ್ಜಿ ಕಳುಹಿಸಿದೆ, ಉತ್ತರವಿಲ್ಲ. ತಾವು ಪತ್ರಿಕೆಯನ್ನಾದರೂ ಓದುವಿರೆಂದು ಕೇಳಿ, ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲೂ ಒಂದು ಕಾಲಕ್ಕೆ ಗಂಡು ದಿಕ್ಕಿತ್ತು. ನನ್ನ ಮಾವನವರು ಬಹಳ ಒಳ್ಳೆಯವರು. ಆದರೆ ತಮ್ಮ ರುಮಾಲು ಎಲ್ಲಿದೆಯೆಂದು ಅವರಿಗೆ ಒಂದು ದಿನವೂ ತಿಳಿದಿರಲಿಲ್ಲ. ನನ್ನ ಯಜಮಾನರು ಮದುವೆಯಾದ ಎರಡನೆಯ ವರ್ಷವೇ ವಿಷಮಜ್ವರದಲ್ಲಿ ತೀರಿಕೊಂಡರು. ಆಮೇಲಿನ ಹದಿನಾಲ್ಕು ವರ್ಷ ತೆಂಗಿನ ತೋಟ ನೋಡಿಕೊಂಡದ್ದು, ನೆರೆಯವನು ಒತ್ತಿದ ಬದುವನ್ನು ಹಿಂದಕ್ಕೆ ತಳ್ಳಿದ್ದು, ಜನ ನಕ್ಕರೂ ನನ್ನನ್ನು ಓದಿಸಿ ಕೆಲಸಕ್ಕೆ ಸೇರಿಸಿದ್ದು ಯಾವ ದಿಕ್ಕು, ಮಾನ್ಯರೇ? ದಿಕ್ಕುಗಳು ಎಂಟೆಂದು ಮಕ್ಕಳಿಗೆ ಹೇಳಿಕೊಡುತ್ತೇನೆ. ಅವುಗಳಲ್ಲಿ ಗಂಡೆಷ್ಟು ಹೆಣ್ಣೆಷ್ಟು ಎಂಬುದು ಪಾಠದಲ್ಲಿಲ್ಲ.

ಹಾಗೆಂದು ನಮಗೆ ಅನುಮಾನವೇ ಇರಲಿಲ್ಲವೆಂದು ತಿಳಿಯಬೇಡಿ. ತಾವು ಒಂದು ಅನುಮಾನ ಬರೆದಿರಿ, ನನ್ನಲ್ಲಿ ಹತ್ತಿದ್ದವು. ಹುಚ್ಚಮ್ಮನ ತಾಯಿ ಯಗಟಿಯ ಕಡೆಯವಳು. ಗಂಡ ಸತ್ತ ಮೇಲೆ ಕೂಲಿಗೆಂದು ಇಲ್ಲಿಗೆ ಬಂದವಳು ಜ್ವರ ಹಿಡಿದು ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳಿಗಿದ್ದ ಒಬ್ಬನೇ ಅಣ್ಣ ಕರಿಯಪ್ಪ, ಕುರಿಹಿಂಡಿನೊಡನೆ ಎಲ್ಲೋ ದೂರ ಹೋಗಿದ್ದ. ಮಗು ನಮ್ಮ ಶಾಲೆಯ ಜಗಲಿಗೆ ಬಂದು ಕುಳಿತಿತು. ಸಂಜೆ ಗಂಟೆ ಹೊಡೆದು ಮಕ್ಕಳೆಲ್ಲ ಮನೆಗೆ ಓಡಿದರೂ ಏಳಲಿಲ್ಲ. “ನಿಮ್ಮನೆ ಎಲ್ಲೈತೆ ಅಕ್ಕಾ?” ಎಂದಳು. ತೋರಿಸಲು ಕರೆದುಕೊಂಡು ಬಂದೆ.

ಹತ್ತು ವರ್ಷದಿಂದ ಪಾಠ ಹೇಳಿದವಳು ನಾನು, ನಿಜ. ಆದರೆ ಸಂಜೆಯಾದರೆ ಆ ಮಕ್ಕಳು ತಾಯಂದಿರ ಪಾಲು. ಮಗು ಹಟ ಹಿಡಿದರೆ, ಅವ್ವ ಬೇಕೆಂದು ಅತ್ತರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಇನ್ನೂ ದೊಡ್ಡ ಭಯವೊಂದಿತ್ತು. ಸೋದರಮಾವ ಬಂದು ಕೇಳಿದ ದಿನ ಮಗುವನ್ನು ಕೊಡಲೇಬೇಕು. ಅಷ್ಟು ಹಚ್ಚಿಕೊಂಡ ಮೇಲೆ ಕೊಡುವುದು ಹೇಗೆ? ಅತ್ತೆಯ ಮುಂದೆ ಹೇಳಿಕೊಂಡೆ.

“ಕೊಡೋ ದಿನ ಬಂದ್ರೆ ಕೊಡಾಣ ಕಣೇ,” ಎಂದರು. “ನಾಳೆ ಹೋಯ್ತದೆ ಅಂತ ಇವತ್ತೇ ಕಳ್ಕೊಂತೀಯಾ?”

ಇಷ್ಟು ಹೇಳಿದ ಅತ್ತೆಯವರೇ, ಕುರುಬರ ಮಗುವೆಂದು ಅವಳಿಗೆ ಪಡಸಾಲೆಯಲ್ಲಿ ತಟ್ಟೆಯಿಟ್ಟರು. ನಾನು ಎದುರಾಡಲಿಲ್ಲ, ಧೈರ್ಯ ಸಾಲಲಿಲ್ಲ. ಐದನೆಯ ದಿನ ಹಸಿ ಸೌದೆಯಿಂದ ಅಡಿಗೆಮನೆಯ ತುಂಬ ಹೊಗೆ. “ಲೇ ಹುಚ್ಚಿ, ನನ್ ಕಣ್ಣು ಉರೀತಾವೆ, ಬಂದು ಒಲೆ ಊದೇ,” ಎಂದು ಅತ್ತೆ ಒಳಗಿನಿಂದ ಕೂಗಿದರು. ಅವಳು ಹೋಗಿ ಊದಿದಳು, ಅಲ್ಲೇ ಕುಳಿತು ಉಂಡಳು. ಮಾರನೆಯ ದಿನ ಸೌದೆ ಒಣಗಿತ್ತು. ಆದರೂ ಅತ್ತೆಯ ಕಣ್ಣು ಉರಿಯಿತು. ಅದರ ಮಾರನೆಯ ದಿನವೂ ಉರಿಯಿತು. ಇದೇನು ಈರಕ್ಕ ಎಂದು ಓಣಿಯವರು ಕೇಳಿದ್ದಕ್ಕೆ, “ನನ್ ಕಣ್ಣಿಗೆ ನಿಮ್ಮಟ್ಟೀಲಿ ಔಸ್ದಿ ಐತೇನ್ರೇ?” ಎಂದರಂತೆ.

ತಾವು ತನಿಖೆಗೆ ಕಳುಹಿಸಿದ ಗುಮಾಸ್ತರು ಎರಡು ಲೋಟ ಮಜ್ಜಿಗೆ ಕುಡಿದು, ಜಗಲಿಯಿಂದ ಏಳದೆಯೇ ಮನೆಯೊಳಗಿನ ಸ್ಥಿತಿಗತಿಯನ್ನು ಬರೆದುಕೊಂಡರು. “ನಿಮ್ಮಪ್ಪನ ಹೆಸರೇನು?” ಎಂದು ಮಗುವನ್ನು ಗದರಿಸಿದರು. “ಮೊದ್ಲು ನಿಮ್ಮಪ್ಪಂದು ಹೇಳಿ,” ಎಂದಿತು ಮಗು. ‘ವಿನಯ ಸಾಲದು’ ಎಂದು ವರದಿಯಲ್ಲಿದೆ. ಒಪ್ಪಿದೆ. ಆ ಮಾತಿನ ಧಾಟಿ ನನ್ನ ಅತ್ತೆಯದು, ಎರಡೇ ತಿಂಗಳಲ್ಲಿ ಕಲಿತಿದ್ದಾಳೆ.

ತಮ್ಮ ಹುಕುಂ ಬಂದ ನಾಲ್ಕನೆಯ ದಿನ ಕರಿಯಪ್ಪ ಬಂದ. ತಂಗಿ ಸತ್ತ ಸುದ್ದಿ ಅವನಿಗೆ ಸಿಂಗಟಗೆರೆಯ ಹತ್ತಿರ ತಿಳಿಯಿತಂತೆ. ಅಂಗಳದಲ್ಲಿ ಕಂಬಳಿ ಹೊದ್ದು ನಿಂತವನನ್ನು ಕಂಡೆ. ಒಳಗೆ ಹೋಗಿ ಎರಡು ಲಂಗ, ಒಂದು ಸ್ಲೇಟು ಗಂಟು ಕಟ್ಟಿದೆ. ಗಂಟು ಸರಿಯಾಗಿ ಬೀಳದೆ ಮೂರು ಸಲ ಕಟ್ಟಿದೆ.

“ಬತ್ತೀಯೇನವ್ವಾ ನನ್ ಜೊತೆ?” ಎಂದು ಅವನು ಕೇಳುವುದು ಕೇಳಿಸಿತು.

“ನೀನೇ ಇಲ್ಲಿರು ಮಾವ. ಕುರೀನೂ ಹಿತ್ತಲಾಗೆ ಕಟ್ಬೋದು,” ಎಂದಳು ಹುಚ್ಚಮ್ಮ.

ನೂರಿಪ್ಪತ್ತು ಕುರಿಗಳ ಒಡೆಯ ನಮ್ಮ ಹಿತ್ತಲನ್ನು ಒಮ್ಮೆ ನೋಡಿ ನಕ್ಕುಬಿಟ್ಟ. ಆಮೇಲೆ ಕಣ್ಣೊರೆಸಿಕೊಂಡು ಅತ್ತೆಗೆ ಹೇಳಿದ: “ವರ್ಸದಾಗೆ ಎಂಟು ತಿಂಗ್ಳು ಬಯಲಾಗೆ ಮಲಗೋನು ನಾನು. ಹೆಣ್ಣು ದಿಕ್ಕಿಲ್ಲದ ಮನೆ ತಾಯೀ ನಂದು. ಕೂಸು ಇಲ್ಲಿ ಮೈ ತುಂಬ್ಕಂಡೈತೆ, ಇಲ್ಲೇ ಇರ್ಲಿ. ಹಿಂಡು ಇತ್ಲಾಗೆ ಬಂದಾಗ ನೋಡ್ಕಂಡು ಹೋಯ್ತೀನಿ.”

ನಾನು ಗಂಟಿನ ಮುಂದೆ ಕುಳಿತು ಚೆನ್ನಾಗಿ ಅತ್ತುಬಿಟ್ಟೆ. ಅತ್ತೆಯವರು ಅವನಿಗೆ ಮುದ್ದೆ ಬಡಿಸಿದರು. ಊಟವಾದ ಮೇಲೆ ಅವನ ಮಾತನ್ನು ಬರೆದು, ಎರಡು ಸಲ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡೆ. ತಾವು ಕೇಳಿದ್ದ ಗಂಡು ದಿಕ್ಕು ಹೆಬ್ಬೆಟ್ಟಿನ ರೂಪದಲ್ಲಿ ಎರಡನೆಯ ಅರ್ಜಿಗೆ ಲಗತ್ತಾಗಿದೆ.

ಈಗ ನನ್ನ ಬೇಡಿಕೆ. ಹುಕುಂ ರದ್ದಾಗಲಿ. ದಾಖಲೆಯಲ್ಲಿ ಹುಚ್ಚಮ್ಮನ ಹೆಸರಿನ ಮುಂದೆ ‘ಸಾಕುತಾಯಿ’ ಎಂದು ನನ್ನ ಹೆಸರೂ, ‘ಅಜ್ಜಿ’ ಎಂದು ಈರಕ್ಕನವರ ಹೆಸರೂ ಬರಲಿ. ಹದಿನೈದನೆಯ ದಿನ ನಾನಂತೂ ಮಗುವನ್ನು ರೈಲು ಹತ್ತಿಸುವುದಿಲ್ಲ. ಅದನ್ನು ಅವಿಧೇಯತೆಯೆಂದು ಬರೆದುಕೊಳ್ಳಬಹುದು. ಒಳ್ಳೆಯ ತಾಯಿಯಾಗುವೆನೇ ಎಂಬ ಅನುಮಾನ ನನಗೆ ಈಗಲೂ ಇದೆ. ಅದಿಲ್ಲದ ತಾಯಿ ಯಾರಾದರೂ ತಮಗೆ ಗೊತ್ತಿದ್ದರೆ ವಿಳಾಸ ಕಳುಹಿಸಿ, ಹೋಗಿ ಕಲಿತು ಬರುತ್ತೇನೆ.

ಇನ್ನೂ ನಂಬಿಕೆಯಾಗದಿದ್ದರೆ ಗುಮಾಸ್ತರನ್ನು ಕಳುಹಿಸದೆ ತಾವೇ ಬನ್ನಿ. ಬೆಳಗಿನ ಹೊತ್ತು ಬಂದರೆ ಉಪಕಾರ. ತಲೆ ಬಾಚುವುದೆಂದರೆ ಹುಚ್ಚಮ್ಮ ತೋಟಕ್ಕೆ ಓಡುತ್ತಾಳೆ. ಒಂದು ಕಡೆಯಿಂದ ನಾನು, ಇನ್ನೊಂದು ಕಡೆಯಿಂದ ಅತ್ತೆ ಅಡ್ಡಗಟ್ಟುತ್ತೇವೆ. ಬಾವಿಯ ಕಡೆ ನಿಲ್ಲಲು ಒಬ್ಬರು ಬೇಕಾಗಿದ್ದಾರೆ.

ಇಂತಿ,
ಮೂವತ್ತೆರಡನೆಯ ವಯಸ್ಸಿನಲ್ಲಿ ಓಡಲು ಕಲಿಯುತ್ತಿರುವ
ಮಲ್ಲಿಕಾಂಬ
ಅಜ್ಜಂಪುರ, ೧೯೨೬