ಎರಡು ಸೀಟಿನ ವಿಮಾನ ಬೇಕಾಗಿದೆ

6 ಜನವರಿ 2007, ಶನಿವಾರ

ಕಾಫಿ ಮೂಟೆ ತೂಗಿಸುತ್ತಿದ್ದಾಗಲೇ ಪುಣೆಯಿಂದ ಫೋನು. ಅಂಗಡಿಯ ಗಲಾಟೆಯಲ್ಲಿ ಒಂದು ಕಿವಿ ಮುಚ್ಚಿಕೊಂಡು ಕೇಳಿದೆ. ಸಾರಿ ಮೇಡಂ, ವಿಮಾನ ನಿನ್ನೆ ಸಂಜೆಯೇ ಹೋಯಿತು. ಯಾರಿಗೆ? ಬೆಂಗಳೂರಿನ ಯಾವುದೋ ಲೇಔಟ್ ಕಂಪನಿಗಂತೆ. ಗಿರಾಕಿಗಳನ್ನು ಕೂರಿಸಿಕೊಂಡು ಮೇಲಿನಿಂದ ಸೈಟು ತೋರಿಸುತ್ತಾರಂತೆ!

ದೀಪಾವಳಿಯಿಂದ ಇದು ಮೂರನೆಯದು. ಮೊದಲನೆಯದು ಹೊಸ ಫ್ಲೈಯಿಂಗ್ ಸ್ಕೂಲಿನ ಪಾಲಾಯಿತು. ಎರಡನೆಯದು ಗೋವಾದಲ್ಲಿ ಟೂರಿಸ್ಟರನ್ನು ಹಾರಿಸುವ ಜಾಯ್‌ರೈಡ್‌ನವರಿಗೆ. ಈಗ ಯಾರನ್ನು ನೋಡಿದರೂ ಹಾರಲು ಹೊರಟವರೇ. ನಾನು ಕೇಳುತ್ತಿರುವುದು ಒಂದು ಸೆಕೆಂಡ್ ಹ್ಯಾಂಡ್ ಮೈಕ್ರೋಲೈಟ್ — ಎರಡು ಸೀಟು, ಬಟ್ಟೆಯ ರೆಕ್ಕೆ, ಸಣ್ಣ ಎಂಜಿನ್. ಅದಕ್ಕೂ ಇಷ್ಟು ಪೈಪೋಟಿ.

ಇವರು ಗಲ್ಲಾದ ಹಿಂದಿನಿಂದ ಎಲ್ಲ ಕೇಳಿಸಿಕೊಂಡಿದ್ದರು. "ಫೋನಲ್ಲಿ ಮಾತಾಡ್ತಾ ಕೂತ್ರೆ ಯಾರು ಕಾಯ್ತಾರೆ ದಾಕ್ಷಾಯಿಣಿ? ಮುಂದಿನ ಸಲ ನಾವೇ ಹೋಗಿ ಬಾಗ್ಲಲ್ಲಿ ನಿಲ್ಲಾಣ."

'ನಾವು' ಅಂದರು. ಮಧ್ಯಾಹ್ನ ಊಟಕ್ಕೆ ಇವರಿಗೆ ಒಂದು ರೊಟ್ಟಿ ಜಾಸ್ತಿ ಬಡಿಸಿದೆ.

17 ಜನವರಿ, ಬುಧವಾರ

ಕೊಪ್ಪಕ್ಕೆ ಹೋಗಿದ್ದೆ. ನೆಪ ಬ್ಯಾಂಕು, ನಿಜವಾಗಿ ಸೈಬರ್ ಕೆಫೆ. ಹೊಸೂರಿನದೊಂದು ಜಾಹೀರಾತು ಬಂದಿದೆ. ಫೋಟೊ ಇಂಚಿಂಚಾಗಿ ತೆರೆದುಕೊಂಡಿತು — ಮೊದಲು ಆಕಾಶ, ಆಮೇಲೆ ಬಿಳಿ ರೆಕ್ಕೆ, ಪ್ರೊಪೆಲ್ಲರ್... ಚಕ್ರ ಬರುವ ಹೊತ್ತಿಗೆ ಕರೆಂಟ್ ಹೋಯಿತು. ಕೆಫೆಯ ಕುಸುಮಾ ನನಗಿಂತ ಹೆಚ್ಚು ಬೇಜಾರು ಮಾಡಿಕೊಂಡಳು. "ಕರೆಂಟ್ ಬಂದ್ಕೂಡ್ಲೇ ಪ್ರಿಂಟ್ ತೆಗ್ದು ಬಸ್ಸಲ್ಲಿ ಕಳಿಸ್ತೀನಿ ಮೇಡಂ, ಯೋಚ್ನೆ ಮಾಡ್ಬೇಡಿ."

ವಾಪಸ್ ಬಾಳೆಹೊನ್ನೂರಿಗೆ ನಮ್ಮ ಲಾರಿಯಲ್ಲೇ ಬಂದೆ. ಡ್ರೈವರ್ ಮಂಜಯ್ಯ ಜಯಪುರದವರೆಗೆ ತಡೆದುಕೊಂಡಿದ್ದ. ಆಮೇಲೆ ಆಗಲಿಲ್ಲ.

"ಅಮ್ಮಾ, ಅದು ಡೀಸೆಲ್ಲಾ, ಪೆಟ್ರೋಲಾ?"

"ಪೆಟ್ರೋಲು. ಆಯಿಲ್ ಬೆರೆಸಿ ಹಾಕೋದು."

"ಹಂಗಾರೆ ನಮ್ಮ ಹಳೇ ಸ್ಕೂಟ್ರು ಇದ್ದಂಗೆ!"

ತಪ್ಪೇನಿಲ್ಲ. ಎಂಜಿನ್ನಿನ ಜಾತಿ ಒಂದೇ.

ಊರಿಗೆಲ್ಲ ಗೊತ್ತಾಗಿದೆ, ಮುಚ್ಚಿಡುವುದೇನೂ ಇಲ್ಲ. ಮಗಳು ಶಿಲ್ಪಶ್ರೀ ಮೈಸೂರಿನಲ್ಲಿ ಪಿಯುಸಿ ಓದುವಾಗ ಅಲ್ಲೇ ಮನೆ ಮಾಡಿದ್ದೆ. ಅವಳು ಕಾಲೇಜಿಗೆ ಹೊರಟರೆ ನಾನು ಹಾರಲು ಕಲಿಯಲು. ಅವಳ ರಿಸಲ್ಟಿಗಿಂತ ನನ್ನ ಲೈಸೆನ್ಸಿಗೇ ಇವರು ಹೆಚ್ಚು ಪೇಡಾ ಹಂಚಿದ್ದು. ಈಗ ಲೈಸೆನ್ಸ್ ಬೀರುವಿನಲ್ಲಿದೆ, ನಾನು ನೆಲದ ಮೇಲಿದ್ದೇನೆ. ಆಗೊಮ್ಮೆ ಈಗೊಮ್ಮೆ ಮೈಸೂರಿಗೆ ಹೋಗಿ ಬಾಡಿಗೆಗೆ ಹಾರಿ ಬರುವುದು... ಅದು ನೆಂಟರ ಮನೆಯ ಊಟದ ಹಾಗೆ. ಹೊಟ್ಟೆ ತುಂಬಿದರೂ ಸಂಕೋಚ.

ಇಳಿಸುವ ಜಾಗ ಗುರುತಿಸಿಟ್ಟಿದ್ದೇನೆ. ಬೇಸಿಗೆಯಲ್ಲಿ ನರಸಿಂಹರಾಜಪುರದ ಹತ್ತಿರ ಭದ್ರಾ ಹಿನ್ನೀರು ಇಳಿದಾಗ ಗಟ್ಟಿ ನೆಲದ ಉದ್ದಾನುದ್ದ ಬಯಲು ಏಳುತ್ತದೆ. ಮಳೆ ಹಿಡಿದರೆ ಮತ್ತೆ ಮುಳುಗುತ್ತದೆ. ಅಷ್ಟರೊಳಗೆ ವಿಮಾನ ಸಿಗದಿದ್ದರೆ ಇನ್ನೊಂದು ವರ್ಷ ಕೂರಬೇಕು.

ಅತ್ತೆಯದು ಒಂದೇ ಷರತ್ತು. "ತರೋದಾದ್ರೆ ತನ್ನಿ. ಅಂಗಳದಲ್ಲಿ ಮಾತ್ರ ನಿಲ್ಲಿಸ್ಬೇಡಿ, ಮೆಣಸು ಒಣಗ್ಸೋಕೆ ಜಾಗ ಬೇಕು."

4 ಫೆಬ್ರವರಿ, ಭಾನುವಾರ. ಹೊಸೂರಿನ ಲಾಡ್ಜ್, ಸಂಜೆ

ನೋಡಿದೆವು. ಮದುಮಗಳ ಹಾಗೆ ನಿಲ್ಲಿಸಿದ್ದರು. ಹೊಸ ಪೇಂಟು, ಹೊಸ ಸೀಟ್ ಕವರು. ಇವರು ಹಳೇ ಜೀಪು ನೋಡುವ ಗತ್ತಿನಲ್ಲಿ ಸುತ್ತು ಹಾಕಿ, ಚಕ್ರಕ್ಕೆ ಒದ್ದು, "ಎಷ್ಟು ಕೈ ಬದ್ಲಾಗಿದೆ?" ಎಂದು ಕೇಳಿದರು. ಬ್ರೋಕರನಿಗೆ ಕನ್ನಡ ಅರ್ಥವಾಗಲಿಲ್ಲ. ಒದೆ ಅರ್ಥವಾಯಿತು.

ನಾನು ರೆಕ್ಕೆಯ ಮೇಲ್ಭಾಗದ ಹೊಲಿಗೆಯ ಹತ್ತಿರ ಹೆಬ್ಬೆರಳು ಒತ್ತಿದೆ. ಹಪ್ಪಳದ ಸದ್ದು! ವರ್ಷಗಟ್ಟಲೆ ಬಿಸಿಲಿಗೆ ಬಿಟ್ಟಿದ್ದಾರೆ. ಬಟ್ಟೆ ಸತ್ತಿದೆ, ಮೇಲೆ ಬಣ್ಣ ಬಳಿದಿದ್ದಾರೆ. ಮನಸ್ಸು ಒಂದು ಕ್ಷಣ ಹೇಳಿತು — ರೆಕ್ಕೆ ಬದಲಾಯಿಸಬಹುದು, ಹೂಂ ಅನ್ನು. ಆದರೆ ರೆಕ್ಕೆಯನ್ನು ಹೀಗೆ ಮುಚ್ಚಿಟ್ಟವರು ಎಂಜಿನ್ನಿನಲ್ಲಿ ಏನೇನು ಮುಚ್ಚಿಟ್ಟಿದ್ದಾರೋ. ಬೇಡ ಅಂದೆ.

ಅಷ್ಟರಲ್ಲಿ ಬಿಳಿ ಸ್ಕಾರ್ಪಿಯೋದಿಂದ ಒಬ್ಬರು ಇಳಿದರು. ಪುಣೆಯದನ್ನು ಹೊಡೆದುಕೊಂಡು ಹೋದ ಅದೇ ಲೇಔಟ್ ಕಂಪನಿಯವರು, ಜಯಪ್ರಕಾಶ್ ಅಂತ. ನಗುಮುಖ, ಕೈಯಲ್ಲಿ ಎರಡು ಮೊಬೈಲು. ಇನ್ನೊಂದು ವಿಮಾನ ಬೇಕಂತೆ! ಬಟ್ಟೆ ಸರಿಯಿಲ್ಲ ಅಂತ ಹೇಳಿದೆ. ಸುಮ್ಮನಿರಲು ಆಗಲಿಲ್ಲ.

"ಮೇಡಂ, ನೀವು ರೇಟ್ ಇಳಿಸೋಕೆ ಹೇಳ್ತಿದೀರ," ಅಂತ ನಕ್ಕು ಅಲ್ಲೇ ಚೆಕ್ ಬರೆದರು. ವಿಮಾನಕ್ಕೆ ಒಂದು ಸುತ್ತು ಹಾಕಿ ನೋಡಲೂ ಇಲ್ಲ.

ಇವರಿಗೆ ತಡೆಯಲಾಗುತ್ತಿಲ್ಲ. ಲಾಡ್ಜಿನ ಮಂಚದ ಮೇಲೆ ಕೂತು ಇನ್ನೂ ಹೇಳುತ್ತಿದ್ದಾರೆ, "ಒಂದು ಮೂಟೆ ಮೆಣಸು ತಗಣಾಕೂ ಕೈ ಹಾಕಿ ನೋಡ್ತೀವಲ್ಲ ಮಾರಾಯ್ತಿ!"

ನಗು ಬಂತು. ಆಮೇಲೆ ಬೇಜಾರೂ. ನೋಡದೇ ಕೊಳ್ಳುವವರ ಮುಂದೆ ನೋಡಿ ಕೊಳ್ಳುವ ನಾವು ಗೆಲ್ಲುವುದು ಹೇಗೆ?

27 ಮಾರ್ಚ್, ಮಂಗಳವಾರ

ಬರೆಯುವುದಕ್ಕೆ ಏನೂ ಇರಲಿಲ್ಲ. ವಿಮಾನದ ಸುದ್ದಿ ಎತ್ತುವುದಿಲ್ಲ ಅಂತ ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಮೆಣಸಿನ ಸೀಸನ್, ಕೈತುಂಬ ಕೆಲಸ. ಎನ್.ಆರ್. ಪುರಕ್ಕೆ ಮದುವೆಗೆ ಹೋದಾಗ ಹಿನ್ನೀರಿನ ಕಡೆ ತಿರುಗಿ ಕೂಡ ನೋಡಲಿಲ್ಲ. (ನೋಡಿದೆ. ಬಯಲು ಆಗಲೇ ಎದ್ದಿತ್ತು.)

ಇವತ್ತು ಮೈಸೂರಿನ ನಮ್ಮ ಇನ್‌ಸ್ಟ್ರಕ್ಟರ್ ಫೋನು. ಅಜ್ಜಂಪುರದ ಆಚೆ ಪರಮೇಶ್ವರಪ್ಪ ಅಂತ ಒಬ್ಬರಿದ್ದಾರೆ, ಏರ್‌ಫೋರ್ಸಿನಿಂದ ರಿಟೈರ್ ಆದವರು. ಸ್ವಂತ ಮೈಕ್ರೋಲೈಟ್, ಶೆಡ್ಡಿನಲ್ಲೇ ಇಟ್ಟು ಸಾಕಿದ್ದಾರೆ. ಈಗ ಕಣ್ಣು ಮಂಜಾಗಿದೆ, ಮಾರುತ್ತಾರಂತೆ. "ಜಾಹೀರಾತು ಕೊಟ್ಟಿಲ್ಲ. ಆದರೂ ಸುದ್ದಿ ಹೋಗಿರುತ್ತೆ. ಬೇಗ ಹೊರಡಿ."

ಇವರಿಗೆ ಹೇಳಲೋ ಬೇಡವೋ ಅಂತ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. ನನ್ನ ಮುಖ ನೋಡಿಯೇ ಕೇಳಿದರು, "ಯಾವೂರಲ್ಲಿದೆ?"

29 ಮಾರ್ಚ್, ಗುರುವಾರ. ಬೆಳಗಿನ ಜಾವ

ನಿನ್ನೆಯದನ್ನು ಈಗ ಬರೆಯುತ್ತಿದ್ದೇನೆ. ನಿದ್ದೆ ಬರಲಿಲ್ಲ. ಸಂತೋಷಕ್ಕೂ ನಿದ್ದೆ ಕೆಡುತ್ತದೆ.

ಹತ್ತು ಗಂಟೆಗೆಲ್ಲ ಅಲ್ಲಿದ್ದೆವು. ಬಿಳಿ ಸ್ಕಾರ್ಪಿಯೋ ನಮಗಿಂತ ಮೊದಲೇ ನಿಂತಿತ್ತು! ಜಯಪ್ರಕಾಶ್ ಎದ್ದು ಬಂದು ಕೈಮುಗಿದರು. "ಮೇಡಂ, ನೀವು ಹೊಸೂರಲ್ಲಿ ಹೇಳಿದ್ದು ನೂರಕ್ಕೆ ನೂರು ನಿಜ. ಆ ವಿಮಾನ ಈಗ ನಮ್ಮ ಲೇಔಟ್ ಗೇಟಲ್ಲಿ ಬೋರ್ಡ್ ಥರ ನಿಂತಿದೆ." ಸೋತದ್ದನ್ನು ಇಷ್ಟು ಖುಷಿಯಾಗಿ ಹೇಳುವವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ.

ವಿಮಾನ ನೋಡಿದೆ. ಹಳದಿ ಬಣ್ಣ, ಮಾಸಿದೆ. ಹೊಸ ಪೇಂಟಿಲ್ಲ, ಹೊಸ ಕವರಿಲ್ಲ. ರೆಕ್ಕೆಗೆ ಹಳೇ ಬೆಡ್‌ಶೀಟು ಹೊದಿಸಿದ್ದರು. ಹೆಬ್ಬೆರಳು ಒತ್ತಿದೆ — ಬಟ್ಟೆ ಬಿಗಿಯಾಗಿತ್ತು, ಜೀವಂತ. ಎಂಜಿನ್ ಮೊದಲ ಎಳೆತಕ್ಕೇ ಹೊತ್ತಿಕೊಂಡಿತು. ಇಷ್ಟವಾದರೂ ಮುಖದಲ್ಲಿ ತೋರಿಸಬಾರದು ಅಂತ ಇವರು ದಾರಿಯುದ್ದ ಪಾಠ ಮಾಡಿದ್ದರು. ಎಲ್ಲಿ!

ಜಯಪ್ರಕಾಶ್ ರೇಟು ಏರಿಸಲು ಬಾಯಿ ತೆರೆದರು. ಪರಮೇಶ್ವರಪ್ಪನವರು ಕೈ ಎತ್ತಿ ತಡೆದರು. "ರೇಟು ಒಂದೇ. ಹರಾಜು ಹಾಕೋಕೆ ನಾನು ಕೂತಿಲ್ಲ. ಯಾರಿಗೆ ಅನ್ನೋದನ್ನ ಇವಳನ್ನ ಕೇಳಿ."

ಇವಳು ಅಂದರೆ ಅವರ ಹೆಂಡತಿ, ವನಮಾಲಮ್ಮ. ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದರು. "ಇವತ್ತು ಸಂಜೆಯೊಳಗೆ ಯಾರು ಇದನ್ನ ಇಲ್ಲಿಂದ ಎತ್ಕೊಂಡು ಹೋಗ್ತಾರೋ ಅವರಿಗೆ. ನಾಳೆ ಅಂದ್ರೆ ಆಗಲ್ಲ. ಇನ್ನೊಂದು ಬೆಳಗಾದ್ರೆ ಇವರು ಮತ್ತೆ ಒಬ್ಬರೇ ಹತ್ತಿ ಕೂರ್ತಾರೆ. ಹೋದ ತಿಂಗಳು ಬೇಲಿಗೆ ಹೋಗಿ ನಿಂತಿತ್ತು. ನನ್ನ ಕೈಲಿ ಇನ್ನಾಗಲ್ಲ."

ಜಯಪ್ರಕಾಶ್ ಎರಡೂ ಮೊಬೈಲಿನಲ್ಲಿ ಮಾತಾಡಿದರು. ಆಫೀಸಿನವರು ಒಪ್ಪಬೇಕು, ಬೆಂಗಳೂರಿನಿಂದ ಟ್ರೇಲರ್ ಬರಬೇಕು. ಬೇಗ ಅಂದರೂ ಶನಿವಾರ.

ನಾನು ಇವರ ಮುಖ ನೋಡಿದೆ. ಇವರು ಆಗಲೇ ಪಕ್ಕದ ಅಂಗಡಿಯ ಫೋನಿಗೆ ನಡೆದಿದ್ದರು. ದೂರದಿಂದಲೇ ಕೇಳುತ್ತಿತ್ತು — "ಮಂಜಯ್ಯ, ಮೆಣಸು ಇಳ್ಸು. ಹೂಂ ಮಾರಾಯ, ಎಲ್ಲಾನೂ ಇಳ್ಸು. ಖಾಲಿ ಗೋಣಿ ಚೀಲ, ಟಾರ್ಪಾಲು, ಹಗ್ಗ, ನಾಲ್ಕು ಆಳು. ಎಂತಕ್ಕಾ? ವಿಮಾನ ತರಾಕೆ!"

ಹಣದ ಮಾತು, ಕಾಗದ, ಸಹಿ ಎಲ್ಲ ಮುಗಿಯಿತು. ಲಾರಿಗೆ ಕಾಯುತ್ತ ಶೆಡ್ಡಿನ ಹತ್ತಿರ ಕೂತಿದ್ದೆವು. ಪರಮೇಶ್ವರಪ್ಪನವರು ನನ್ನ ಪಕ್ಕ ಬಂದು, ದನಿ ತಗ್ಗಿಸಿ ಹೇಳಿದರು, "ನೀವೇ ಓಡಿಸಿ. ನಾನು ಏನೂ ಮುಟ್ಟಲ್ಲ. ಒಂದು ಸುತ್ತು. ಅವಳು ಹಿತ್ತಲಲ್ಲಿದಾಳೆ."

ಇವರು ಆಚೆಯಿಂದ ಕಣ್ಣಲ್ಲೇ ಬೇಡ ಬೇಡ ಅಂತಿದ್ದರು. ನ್ಯಾಯವೇ. ಆಕೆಗೆ ಗೊತ್ತಾಗಿ, ತಗೊಳ್ಳಿ ನಿಮ್ಮ ದುಡ್ಡು ಅಂದರೆ? ಸ್ಕಾರ್ಪಿಯೋ ಇನ್ನೂ ಹೋಗಿರಲಿಲ್ಲ. ಜಯಪ್ರಕಾಶ್ ಹುಣಸೇಮರದ ನೆರಳಲ್ಲಿ ಎಳನೀರು ಕುಡಿಯುತ್ತಿದ್ದರು, ನಮ್ಮ ಲಾರಿ ಬರುತ್ತದೋ ಇಲ್ಲವೋ ನೋಡಿಯೇ ಹೊರಡುವ ಹಾಗೆ.

ಆದರೆ ಆ ಮುದುಕರ ಮುಖಕ್ಕೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಕದ್ದು ಹೋಗಲು ಮನಸ್ಸೂ ಬರಲಿಲ್ಲ. ಎದ್ದು ಹಿತ್ತಲಿಗೆ ಹೋದೆ. ವನಮಾಲಮ್ಮ ಅವರೆಕಾಳು ಆರಿಸುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಕೇಳಿದೆ.

ಹುಳುಕು ಕಾಳೊಂದನ್ನು ಆರಿಸಿ ಬೇಲಿಯತ್ತ ಎಸೆದರು. ಹೋಯಿತು ವಿಮಾನ ಅಂದುಕೊಂಡೆ.

"ನೀವು ಓಡಿಸ್ತೀರಾ? ಅವರು ಕೈ ಹಾಕಲ್ವಾ?"

"ಹಾಕೋಕೆ ಬಿಡಲ್ಲಮ್ಮ."

"ಕೇಳ್ದೆ ಕರ್ಕೊಂಡು ಹೋಗಿದ್ರೆ ನಾನೇನು ಮಾಡ್ತಿದ್ದೆ... ನೀವು ಬಂದು ಕೇಳಿದ್ರಲ್ಲ." ಮೊರ ಕೆಳಗಿಟ್ಟರು. "ಹೋಗಿ ಬನ್ನಿ. ಮಫ್ಲರ್ ಹಾಕ್ಕೊಳ್ಳೋಕೆ ಹೇಳಿ. ಮೇಲೆ ಗಾಳಿ."

ಹೋದೆವು. ಗೋಮಾಳದ ಉದ್ದಕ್ಕೂ ಓಡಿ, ನೆಲ ಬಿಟ್ಟಿತು. ಎಷ್ಟು ಹಗುರ! ಮೈಸೂರಿನ ಬಾಡಿಗೆಯದು ಕೋಣದ ಹಾಗೆ ಎಳೆದಾಡುತ್ತಿತ್ತು. ಇದಕ್ಕೆ ಬೆರಳು ಸಾಕು. ಪರಮೇಶ್ವರಪ್ಪನವರು ಕೊಟ್ಟ ಮಾತಿನಂತೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಕೆರೆಯ ಮೇಲೆ ತಿರುಗಿಸಿದಾಗ ನೋಡಿದೆ, ಕಣ್ಣು ಮುಚ್ಚಿಕೊಂಡು ನಗುತ್ತಿದ್ದರು.

ಇಳಿದಾಗ ವನಮಾಲಮ್ಮ ಬಯಲಿನ ಅಂಚಿಗೆ ಬಂದು ನಿಂತಿದ್ದರು. ಬೈಯುತ್ತಾರೆ ಅಂದುಕೊಂಡೆ. ಗಂಡನನ್ನು ಇಳಿಸಿ, ಮಫ್ಲರ್ ಬಿಚ್ಚಿಸಿ, ತಾವೇ ಕಟ್ಟಿಕೊಂಡರು.

"ಇಷ್ಟು ವರ್ಷ ಇವರು ಎಲ್ಲಿಗೆ ಹೋಗ್ತಿದ್ರು ಅಂತ ನೋಡಿ ಬರ್ತೀನಿ."

"ನಾನು ಕರೆದಾಗೆಲ್ಲ ಬರಲ್ಲ ಅಂತಿದ್ದೆ!" ಪರಮೇಶ್ವರಪ್ಪನವರು ಕೂಗಿದರು.

"ನಿಮ್ಮ ಜೊತೆ ಬರಲ್ಲ ಅಂದಿದ್ದೆ."

ಇವರು ಬಿದ್ದು ಬಿದ್ದು ನಕ್ಕರು. ಜಯಪ್ರಕಾಶ್ ಕೂಡ. ವನಮಾಲಮ್ಮ ಮೇಲೆ ಹೋದಾಗ ಒಂದು ಸಲವೂ ಕಿರುಚಲಿಲ್ಲ. ನನ್ನ ತೋಳು ಹಿಡಿದುಕೊಂಡು, ತಮ್ಮ ಮನೆಯ ಹೆಂಚು, ಕಣ, ಬೇಲಿ ಎಲ್ಲವನ್ನೂ ಬೆರಳಿಟ್ಟು ತೋರಿಸಿದರು. ಇನ್ನೊಂದು ಸುತ್ತು ಅಂತ ಕೈಯಲ್ಲೇ ಸನ್ನೆ ಮಾಡಿದರು. ಹಾಕಿದೆ.

ಸಂಜೆಗೆ ಲಾರಿ ಬಂತು. ರೆಕ್ಕೆ ಬಿಚ್ಚಿ, ಗೋಣಿ ಚೀಲದ ಹಾಸಿಗೆ ಮಾಡಿ ಮಲಗಿಸಿದೆವು. ಕಟ್ಟುವಾಗ ಜಯಪ್ರಕಾಶ್ ಕೂಡ ಹಗ್ಗ ಹಿಡಿದರು. ವನಮಾಲಮ್ಮ ಹಳೇ ಬೆಡ್‌ಶೀಟುಗಳನ್ನೆಲ್ಲ ಮಡಚಿ ಕೊಟ್ಟರು. ಲಾರಿ ಹೊರಟಾಗ ಪರಮೇಶ್ವರಪ್ಪನವರು ಒಳಗೆ ಹೋಗಿಬಿಟ್ಟರು. ಆಕೆ ಮಾತ್ರ ರಸ್ತೆಯವರೆಗೂ ಬಂದರು.

13 ಮೇ, ಭಾನುವಾರ. ಎನ್.ಆರ್. ಪುರ, ಹಿನ್ನೀರಿನ ಬಯಲು, ಬೆಳಿಗ್ಗೆ

ಹೆಸರು ಬದಲಾವಣೆ, ಇನ್‌ಸ್ಪೆಕ್ಷನ್, ತಹಸೀಲ್ದಾರರ ಆಫೀಸು, ಪೊಲೀಸ್ ಸ್ಟೇಷನ್ನು... ಅದನ್ನೆಲ್ಲ ಬರೆದರೆ ಇನ್ನೊಂದು ಡೈರಿ ಬೇಕು. ಮೊನ್ನೆ ಕೊನೆಯ ಪರ್ಮಿಷನ್ ಬಂತು. ಕಾಡಿನ ಕಡೆ ಹೋಗಬಾರದು, ಬಯಲಿನ ಮೇಲಷ್ಟೇ ಹಾರಬೇಕು. ಸಾಕು. ಮಳೆಗೆ ಇನ್ನೂ ಸ್ವಲ್ಪ ದಿನ ಇದೆ.

ಗುಟ್ಟಾಗಿ ಬರೋಣ ಅಂದಿದ್ದೆ. ಈಗ ನೋಡಿದರೆ ಅರ್ಧ ಬಾಳೆಹೊನ್ನೂರು ಇಲ್ಲಿದೆ. ಒಬ್ಬರು ಮಂಡಕ್ಕಿ ಗಾಡಿ ಹಾಕಿಬಿಟ್ಟಿದ್ದಾರೆ. ಮಂಜಯ್ಯ ನೂಕುನುಗ್ಗಲು ತಡೆಯಲು ಸುತ್ತ ಹಗ್ಗ ಕಟ್ಟಿ, ಹಗ್ಗದ ಒಳಗೆ ತಾನೊಬ್ಬನೇ ನಿಂತಿದ್ದಾನೆ. ಶಿಲ್ಪಶ್ರೀ ಕ್ಯಾಮೆರಾ ಹಿಡಿದು ಓಡಾಡುತ್ತಿದ್ದಾಳೆ. ಲಾರಿಯ ಬಾನೆಟ್ ಮೇಲೆ ಡೈರಿ ಇಟ್ಟು ಬರೆಯುತ್ತಿದ್ದೇನೆ, ಗಾಳಿ ಇನ್ನೂ ಸ್ವಲ್ಪ ಇಳಿಯಲಿ ಅಂತ.

ಮೊದಲು ಯಾರು ಕೂರಬೇಕು ಅನ್ನುವ ಜಗಳ ಜೋರಾಗಿದೆ. ಅತ್ತೆ ವಯಸ್ಸಿನ ಲೆಕ್ಕದಲ್ಲಿ ತಾವು ಅನ್ನುತ್ತಾರೆ. ಇವರು ಮನೆ ಯಜಮಾನ ಅನ್ನುತ್ತಾರೆ. ಮಗಳು ಚೀಟಿ ಎತ್ತೋಣ ಅನ್ನುತ್ತಾಳೆ.

ಮೊದಲ ಸುತ್ತು ನಾನೊಬ್ಬಳೇ ಹೋಗಬೇಕು, ನಿಯಮ ಹಾಗಿದೆ, ಅಂದೆ. ಎಲ್ಲರೂ ಒಪ್ಪಿ ಸುಮ್ಮನಾದರು.

ಗಾಳಿ ಇಳಿದಿದೆ. ಇವರು ಕರೆಯುತ್ತಿದ್ದಾರೆ.

ನಿಯಮ ಇಲ್ಲದಿದ್ದರೂ ಮೊದಲ ಸುತ್ತು ನಾನೊಬ್ಬಳೇ —