ಟೂರೆ ನಿಂತ ಜಾಗ

1912, ಮೇ 9
ಕಲ್ಲುಗಣಿಯ ಕೆಲಸದಿಂದ ಬಂದು ಹದಿನೆಂಟು ಕಿಲೋಮೀಟರ್ ಓಟ. ಎದುರುಗಾಳಿ. ಗೆಳೆಯ ಟೂರೆ ಎಂದಿನಂತೆ ಜೊತೆಗೆ. ಗಣಿಯಲ್ಲೂ ನನ್ನ ಪಕ್ಕ, ರಸ್ತೆಯಲ್ಲೂ ನನ್ನ ಪಕ್ಕ. ಒಲಿಂಪಿಕ್ಸ್ ಮ್ಯಾರಥಾನಿನ ಆಯ್ಕೆಯ ಓಟಕ್ಕೆ ನಮ್ಮ ಕ್ಲಬ್ಬಿನಿಂದ ನಾವಿಬ್ಬರೇ. ಕೊನೆಯ ಏರಿನಲ್ಲಿ ನನ್ನನ್ನು ಹಿಂದೆ ಹಾಕಿದ.
"ಏನೋ ಆಲ್ಗೋಟ್, ನಿನ್ ಹೆಂಡ್ತಿ ಮೀನು ಜಾಸ್ತಿ ತಿನ್ನಿಸಿದ್ಲಾ?"
ನಗಲಾಗಲಿಲ್ಲ. ಉಸಿರೇ ಸಾಲಲಿಲ್ಲ.

ಮೇ 21
ಡಾಕ್ಟರ್ ಎದೆ, ಬೆನ್ನು ತಟ್ಟಿ ಬಹಳ ಹೊತ್ತು ಕಿವಿಗೊಟ್ಟರು. ಕಲ್ಲಿನ ಧೂಳು. ಹದಿಮೂರು ವರ್ಷದ್ದು. "ಓಟ ಬಿಡಪ್ಪ. ಗಣೀನೂ ಬಿಡು." ಗಣಿ ಬಿಟ್ಟು ತಿನ್ನೋದೇನು?
ಹೆಂಡತಿ ಎಬ್ಬಾಳ ಹತ್ತಿರ ನನಗೆ ಬರೀ ನೆಗಡಿ ಅಂದೆ. ನಂಬಿದಳು. ಟೂರೆಗೂ ಅದೇ ಸುಳ್ಳು. ಆಯ್ಕೆಯ ಓಟಕ್ಕೆ ಇನ್ನು ಹನ್ನೆರಡು ದಿನ... ಒಲಿಂಪಿಕ್ಸ್ ನಮ್ಮ ದೇಶದಲ್ಲಿ ಇನ್ನೊಮ್ಮೆ ನಡೆಯುವ ಹೊತ್ತಿಗೆ ನಾನೆಲ್ಲಿ?

ಜೂನ್ 3, ರೈಲಿನಲ್ಲಿ
ನಿನ್ನೆ ಸ್ಟಾಕ್‌ಹೋಮಿನಲ್ಲಿ ಆಯ್ಕೆಯ ಓಟ. ಮೂವತ್ತನೇ ಕಿಲೋಮೀಟರಿನಲ್ಲಿ ಟೂರೆ ಮೂರನೆಯವ. ನಾನು ಅವನ ಬೆನ್ನಿಗೆ. ಆಮೇಲೆ ಬಾಯಲ್ಲಿ ರಕ್ತ. ಚರಂಡಿಗೆ ಬಿದ್ದೆ, ಮುಖ ನೀರಲ್ಲಿ. ತಿರುಗಿ ಬಂದು ಎಳೆದು ತೆಗೆದವನು ಟೂರೆ.
"ಹೋಗೋ!" ಅಂದೆ.
"ಬಾಯ್ಮುಚ್ಕೊಂಡು ಉಸಿರಾಡು."
ಹಿಂದಿದ್ದವರೆಲ್ಲ ದಾಟಿ ಹೋದರು, ಅವನ ಆಯ್ಕೆಯೂ ತಪ್ಪಿತು. ಗಾಡಿ ಬರುವ ತನಕ ನನ್ನ ತಲೆ ಹಿಡಿದು ಕೂತಿದ್ದ.
ಈಗ ಎದುರು ಸೀಟಿನಲ್ಲಿ ನಿದ್ದೆ. ಒಂದು ಮಾತೂ ಬೈದಿಲ್ಲ. ಬೈದಿದ್ದರೆ ವಾಸಿಯಿತ್ತು.

ಜೂನ್ 14
ತಡೆಯಲಾಗಲಿಲ್ಲ. ಗಣಿಯಲ್ಲಿ ಕಾಫಿಗೆ ಕೂತಾಗ ಟೂರೆಗೆ ಹೇಳಿಬಿಟ್ಟೆ, ಡಾಕ್ಟರ್ ಮೊದಲೇ ಓಟ ಬೇಡ ಅಂದಿದ್ದರು ಅಂತ.
"ಗೊತ್ತಿತ್ತಾ ನಿಂಗೆ?"
"ಗೊತ್ತಿತ್ತು."
"ಗೊತ್ತಿದ್ದೂ ನನ್ನ ಬೆನ್ನಿಗೇ ಓಡಿದ್ಯಾ?"
ಕಾಫಿ ಚೆಲ್ಲಿ ಎದ್ದ. ಮೇಸ್ತ್ರಿಗೆ ಹೇಳಿ ಗಣಿಯ ಆ ಬದಿಯ ಕೆಲಸಕ್ಕೆ ಹೋದ.

ಜುಲೈ 14, ಭಾನುವಾರ
ಇವತ್ತು ಸ್ಟಾಕ್‌ಹೋಮಿನಲ್ಲಿ ಒಲಿಂಪಿಕ್ಸ್ ಮ್ಯಾರಥಾನ್. ಸುಡುಬಿಸಿಲು. ಎಬ್ಬಾ ಆಲೂಗಡ್ಡೆ ಅಗೆಯುತ್ತಿದ್ದಳು. "ಟೂರೆ ಯಾಕೆ ಈ ಕಡೆ ತಲೆ ಹಾಕೋದೇ ಇಲ್ಲ?" ಅಷ್ಟರಲ್ಲಿ ಬೇಲಿಯಾಚೆ ಅವನೇ ಓಡಿಹೋದ. ಒಬ್ಬನೇ. ಇತ್ತ ನೋಡಲಿಲ್ಲ.

1913, ಫೆಬ್ರವರಿ 11, ಸ್ಯಾನಟೋರಿಯಂ
ಈ ಎದೆರೋಗದ ಆಸ್ಪತ್ರೆಯಲ್ಲಿ ನಾಲ್ಕನೇ ತಿಂಗಳು. ಮಂಚದಿಂದ ಕಿಟಕಿಗೆ ಒಂಬತ್ತು ಹೆಜ್ಜೆ. ನಡುವೆ ಒಮ್ಮೆ ನಿಲ್ಲಬೇಕು.

ಏಪ್ರಿಲ್ 6
ಟೂರೆ ಬಂದಿದ್ದ! ಬಾಗಿಲಲ್ಲೇ ನಿಂತು ಟೋಪಿ ತಿರುವುತ್ತಿದ್ದ.
"ಕೂತ್ಕೊಳ್ಳೋ. ಈ ವರ್ಷ ಮೊದಲ ಓಟ ಯಾವಾಗ?"
"ಬಿಟ್ಬಿಟ್ಟೆ."
"ಸುಳ್ಳು."
"ಆಗಲ್ಲ ಕಣೋ. ಸ್ವಲ್ಪ ದೂರ ಹೋದ್ರೆ ಸಾಕು, ಹಿಂದೆ ಯಾರೋ ಬಿದ್ದಂಗಾಗುತ್ತೆ. ತಿರುಗಿ ನೋಡ್ತೀನಿ. ಯಾರೂ ಇರಲ್ಲ. ಮತ್ತೆ ಕಾಲೇ ಏಳಲ್ಲ."
ಅವನ ಕೈ ಹಿಡಿದೆ. ನನ್ನದು ಹೋದದ್ದು ಹೋಯಿತು. ಇವನಿಗೆ ಇನ್ನೂ ಹತ್ತು ವರ್ಷದ ಓಟವಿತ್ತು... ಮುಂದಿನ ಭಾನುವಾರ ಮತ್ತೆ ಬರ್ತಾನಂತೆ. ಆಗ ಹೇಳಬೇಕು — ನಿನ್ನ ಹಿಂದೆ ಈಗ ಯಾರೂ ಇಲ್ಲ ಕಣೋ, ನೀನು ಓಡು—

(ಬರಹ ಇಲ್ಲಿಗೆ ನಿಂತಿದೆ; ಆ ಭಾನುವಾರ ಟೂರೆ ಬರುವಷ್ಟರಲ್ಲಿ ಆಲ್ಗೋಟ್ ಇರಲಿಲ್ಲ. — ಎಬ್ಬಾ)