ಜೇನು ಕೊಟ್ಟವರ ಹೆಸರು

ರಾಜಾಜಿನಗರ, ಬೆಂಗಳೂರು
ಶುಕ್ರವಾರ, 14 ಮಾರ್ಚ್ 1975

ಅಷ್ಟು ದೂರದಲ್ಲಿದ್ದೂ ದಿನವಿಡೀ ನನ್ನ ಜೊತೆಗೇ ಓಡಾಡುವ ನನ್ನವರಿಗೆ,

ಇಂಗ್ಲಿಷಿನಲ್ಲಾದರೆ 'ಮೈ ಡಿಯರೆಸ್ಟ್ ಗೋಪಿ' ಎಂದು ಸಲೀಸಾಗಿ ಬರೆದುಬಿಡುತ್ತಿದ್ದೆ. ಕನ್ನಡದಲ್ಲಿ ನಿಮ್ಮ ಹೆಸರು ಬರೆಯಹೋದರೆ ಅತ್ತೆ ಹಿಂದೆ ನಿಂತು ನೋಡುತ್ತಿದ್ದಾರೇನೋ ಎಂದು ಕೈ ನಾಚುತ್ತದೆ. ಕಾನ್ವೆಂಟ್ ಹುಡುಗಿಗೆ ಈ ಹುಚ್ಚು ಯಾಕೆ ಬಂತು ಎಂದು ನಗಬೇಡಿ. ಮೂರು ಹಾಳೆ ಹರಿದಿದ್ದೇನೆ. ಕಾರಣ ಹೇಳುತ್ತೇನೆ, ಮೊದಲು ಒಳ್ಳೆಯ ಸುದ್ದಿಗಳನ್ನು ಕೇಳಿ.

ನೀವು ನೆಟ್ಟ ಮಲ್ಲಿಗೆ ಬಳ್ಳಿ ಗೇಟಿನ ಕಮಾನು ಮುಟ್ಟಿದೆ. ಹುಳಿಗೆ ಎರಡು ಸಲ ಉಪ್ಪು ಹಾಕುವುದನ್ನು ನಾನು ಬಿಟ್ಟಿದ್ದೇನೆ. ನಿಮ್ಮ ನೀಲಿ ಸ್ವೆಟರ್ ಇನ್ನೂ ನನ್ನ ದಿಂಬಿನ ಕೆಳಗಿದೆ. ಒಗೆಯುತ್ತೇನೆ ಕೊಡು ಎಂದು ಅತ್ತೆ ಕೇಳಿದರು, ಕೊಡಲಿಲ್ಲ. ಮದುವೆಯಾದ ನಲವತ್ತೊಂದನೆಯ ದಿನ ಗಂಡನನ್ನು ವಿಮಾನ ಹತ್ತಿಸಿದವಳಿಗೆ ಇಷ್ಟೂ ಹಟ ಇರಬಾರದೇ?

ನೀವು ಬಾಗ್ದಾದಿನ ಆಫೀಸಿನಲ್ಲೇ ಇದ್ದೀರಿ ಎಂದು ಅತ್ತೆ, ಮಾವ ಇಬ್ಬರೂ ನಂಬಿದ್ದಾರೆ. ಕಿರ್ಕುಕ್ ದಾಟಿ, ಕುರ್ದರ ಬೆಟ್ಟಗಳ ಬುಡದಲ್ಲಿ ವಿದ್ಯುತ್ ಗೋಪುರ ನಿಲ್ಲಿಸುತ್ತಿದ್ದೀರಿ ಎಂದು ನಾನು ಬಾಯಿ ಬಿಟ್ಟಿಲ್ಲ. ಮೊನ್ನೆ ಮಾವ ಪೇಪರ್ ಮಡಚುತ್ತಾ, "ನೋಡಮ್ಮ, ಇರಾನಿನ ಷಾ ಇರಾಕಿನವರ ಜೊತೆ ರಾಜಿ ಮಾಡ್ಕೊಂಡನಂತೆ. ಇನ್ಮೇಲೆ ಆ ಕುರ್ದ್ ದಂಗೆಕೋರರಿಗೆ ಬಂದೂಕು ಕೊಡೋರು ಯಾರೂ ಇಲ್ಲ. ಗಲಾಟೆ ಮುಗೀತು ಅಂದ್ಕೋ" ಎಂದರು. ಅತ್ತೆ, "ನಮ್ಮ ಗೋಪಿಗೂ ಅದಕ್ಕೂ ಏನ್ರೀ ಸಂಬಂಧ? ಕಾಫಿ ಆರತ್ತೆ, ಕುಡೀರಿ" ಎಂದರು. ನಾನು ಒಳಗೆ ಹೋಗಿ ಗೋಡೆಗೆ ಒರಗಿ ನಿಂತೆ. ಇಷ್ಟು ವರ್ಷ ಬೆಟ್ಟದ ಮೇಲೆ ಎತ್ತಿ ನಿಲ್ಲಿಸಿದವರೇ ಒಂದು ಸಹಿ ಹಾಕಿ ಕೈ ಬಿಟ್ಟರೆ, ಆ ಜನ ಎಲ್ಲಿಗೆ ಓಡಬೇಕು? ಅವರಿಗೆ ಅನ್ನ ಹಾಕಿದ ಮನೆಗಳ ಗತಿ ಏನು?

ಈಗ ಕಾರಣ ಹೇಳಲೇಬೇಕು. ಜನವರಿಯಲ್ಲಿ ಊರಿಗೆ ಹೊರಟ ಸಹೋದ್ಯೋಗಿಯ ಕೈಲಿ ನೀವು ಕಾಗದ ಕೊಟ್ಟು ಬೊಂಬಾಯಿಯಲ್ಲಿ ಅಂಚೆಗೆ ಹಾಕಿಸಿದ್ದಿರಿ. ನಿಮ್ಮ ಕುರ್ದ್ ಮೇಸ್ತ್ರಿಯ ಮನೆಯಲ್ಲಿ ಊಟ ಮಾಡಿದ್ದು, ಅವರ ಹೆಂಡತಿ ತಟ್ಟೆ ತುಂಬ ಜೇನುಹುಟ್ಟು ಇಟ್ಟಿದ್ದು, ಬಂದೂಕು ಹಿಡಿದು ಬೆಟ್ಟ ಸೇರಿದ ಅವರ ತಮ್ಮ ಮೆಲ್ಲನೆ ಬಂದು ನಿಮ್ಮ ಪಕ್ಕದಲ್ಲೇ ಉಂಡು ಹೋಗಿದ್ದು, ಎಲ್ಲ ಬರೆದಿದ್ದಿರಿ. ಎಷ್ಟು ಸಲ ಓದಿದೆನೋ. ಕೈಲಿ ಕಳಿಸಿದ್ದು ಯಾಕೆಂದು ಮಾತ್ರ ಯೋಚಿಸಲಿಲ್ಲ. ಬೇಗ ತಲುಪಲೆಂದು ಎಂದುಕೊಂಡೆ.

ಉತ್ತರವನ್ನು ಫೆಬ್ರವರಿ ಮೂರರಂದು ಇಲ್ಲಿಂದಲೇ ಅಂಚೆಗೆ ಹಾಕಿದೆ. ಇಂಗ್ಲಿಷಿನಲ್ಲಿ, ನಾಲ್ಕು ಪುಟ. ಮೇಸ್ತ್ರಿಯ ಹೆಸರು, ಹಳ್ಳಿಯ ಹೆಸರು, 'ಬೆಟ್ಟದ ವೀರ ಮೈದುನನಿಗೆ ನನ್ನ ನಮಸ್ಕಾರ ಹೇಳಿ' ಎಂಬ ಕುಚೇಷ್ಟೆ, ಎಲ್ಲ ಅದರಲ್ಲಿತ್ತು.

ಹೋದ ವಾರ ಮಹಡಿ ಮನೆಯ ಹನುಮಂತಯ್ಯನವರು ನಿಮ್ಮ ಹೊಸ ಕಾಗದದ ಸ್ಟಾಂಪು ಕೇಳಲು ಬಂದಿದ್ದರು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದ ವಿಂಗಡಿಸಿದವರು. ಲಕೋಟೆಯ ಅಂಚಿನ ಮೇಲೆ ಉಗುರು ಆಡಿಸಿ, "ಇದನ್ನ ಬಿಚ್ಚಿ ಓದಿ ಮತ್ತೆ ಅಂಟಿಸಿದ್ದಾರೆ ಕಣಮ್ಮ. ಎರಡು ಥರದ ಗೋಂದು ಇದೆ ನೋಡು" ಎಂದರು. ಇಲ್ಲಿಂದ ಅಲ್ಲಿಗೆ ಹೋಗುವ ಕಾಗದವನ್ನೂ ಓದುತ್ತಾರಾ ಎಂದು ಕೇಳಿದೆ. "ಯುದ್ಧ ನಡೆಯೋ ದೇಶ, ಬಿಡ್ತಾರಾ? ಅಷ್ಟು ಭಯ ಇದ್ರೆ ಕನ್ನಡದಲ್ಲಿ ಬರಿ. ಓದೋರು ಯಾರಿದ್ದಾರೆ ಅಲ್ಲಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅದಕ್ಕೇ ಈ ಕನ್ನಡ. ಅದಕ್ಕೇ ಇದರಲ್ಲಿ ಅವರ ಹೆಸರಿಲ್ಲ. ಇದು ಕೈಸೇರಿದ ಕೂಡಲೇ ಮೇಸ್ತ್ರಿಗೆ ಹೇಳಿ: ಬೆಟ್ಟದಲ್ಲಿರುವ ತಮ್ಮನು ಮನೆ ಕಡೆ ಸುಳಿಯುವುದು ಬೇಡ, ಅವರೂ ಸ್ವಲ್ಪ ದಿನ ಬೇರೆಲ್ಲಾದರೂ ಇರಲಿ. ನನ್ನ ಆ ನಾಲ್ಕು ಪುಟ ನಿಮಗೆ ತಲುಪಿದ್ದರೆ ಸುಟ್ಟುಬಿಡಿ. ತಲುಪಿದೆ ಎಂದು ಒಂದೇ ಒಂದು ಸಾಲು ಬರೆಯಿರಿ, ನನಗೆ ಉಸಿರು ಬರುತ್ತದೆ.

ನಿಮ್ಮ ಬಾಯಿಬಡುಕಿ,
ತುಂಗಾ

ಮರೆತ ಮಾತಲ್ಲ, ಈಗ ತಿಳಿದದ್ದು: ಲಕೋಟೆ ಅಂಟಿಸುವ ಮೊದಲೇ ಮಧ್ಯಾಹ್ನದ ಅಂಚೆಯಲ್ಲಿ ನಿಮ್ಮ ಮಾರ್ಚ್ ಎರಡರ ಕಾಗದ ಬಂತು. ಮೇಸ್ತ್ರಿ ನಾಲ್ಕು ದಿನದಿಂದ ಕೆಲಸಕ್ಕೆ ಬಂದಿಲ್ಲ, ಮನೆಯ ಬಾಗಿಲು ಮುರಿದು ಬಿದ್ದಿದೆ, ಕೇಳಿದರೆ ಯಾರೂ ಮಾತಾಡುವುದಿಲ್ಲ ಎಂದಿದ್ದೀರಿ. ಆ ಕಡೆ ಮತ್ತೆ ಹೋಗಬೇಡಿ. ಮಾವನಿಗೆ ತೀರಾ ಹುಷಾರಿಲ್ಲ ಎಂದು ನಾಳೆ ತಂತಿ ಕೊಡುತ್ತೇನೆ. ಮಾವ ಚೆನ್ನಾಗಿದ್ದಾರೆ, ನೀವು ಆ ತಂತಿ ತೋರಿಸಿ ಹೊರಟು ಬನ್ನಿ. ಕೊನೆಯಲ್ಲಿ ಕೇಳಿದ್ದೀರಿ: 'ಫೆಬ್ರವರಿಯಲ್ಲಿ ನಿನ್ನ ಕಾಗದ ಒಂದೂ ಬರಲಿಲ್ಲ, ಮರೆತೆಯಾ?'

ಬರೆದಿದ್ದೆ ರೀ.